ದೇವಣಿ ಹೋಗಿ ದಾವಣಿ ಉಳಿದ ಮನೆ

ಔರಾದ್ ತಾಲ್ಲೂಕಿನ ನಮ್ಮ ಹಳ್ಳಿಮನೆಯ ಪಡಸಾಲೆಯಲ್ಲಿ ಒಂದು ಗೂಟಕ್ಕೆ ಏಳು ಹಗ್ಗಗಳು ಜೋತುಬಿದ್ದಿವೆ. ಯಾವುದಕ್ಕೂ ಬಾರದ ಹಗ್ಗಗಳು. ಸುಣ್ಣ ಹಚ್ಚುವಾಗ ಇಳಿಸುತ್ತೇವೆ, ಸುಣ್ಣ ಒಣಗಿದ ಮೇಲೆ ಮತ್ತೆ ಅಲ್ಲಿಯೇ ಏರಿಸುತ್ತೇವೆ. ಎತ್ತು ಮಾರಿದರೂ ಹಗ್ಗ ಮಾರಬಾರದು, ಕೊಂಡವನು ತನ್ನ ಹಗ್ಗ ತಾನೇ ತರಬೇಕು ಎಂಬುದು ನನ್ನ ಮುತ್ಯಾನ (ಅಜ್ಜನ) ಕಾಯ್ದೆ. ಹಗ್ಗದ ಸಂಗಡ ಮನೆಯ ಲಕ್ಷ್ಮಿಯೂ ಹೊರಟುಹೋಗುತ್ತಾಳೆ ಎಂದು ಊರವರು ಹೇಳುತ್ತಾರೆ. ನನಗೆ ಅನಿಸುವುದು ಬೇರೆ. ಮಾರಿ ಬಂದ ರಾತ್ರಿ ಮುದುಕನ ಕೈಗೆ ಹಿಡಿದುಕೊಳ್ಳಲು ಏನಾದರೂ ಬೇಕಾಗುತ್ತಿತ್ತು.

ಔರಾದಿನ ಅಮರೇಶ್ವರ ಜಾತ್ರೆಯಲ್ಲಿ ಅವನ ಎತ್ತಿನ ವ್ಯಾಪಾರ ನೋಡಿದ್ದೇನೆ. ದಲಾಲಿ ಬಂದು ಎತ್ತಿನ ತುಟಿ ಎತ್ತಿ ಹಲ್ಲು ಎಣಿಸುತ್ತಿದ್ದ. ಎರಡು ಹಲ್ಲಿಗೆ ಒಂದು ಬೆಲೆ, ನಾಲ್ಕಕ್ಕೆ ಒಂದು, ಬಾಯಿಗೂಡಿದ್ದಕ್ಕೆ ಇನ್ನೊಂದು. ಆಮೇಲೆ ಟವೆಲ್ಲಿನ ಕೆಳಗೆ ಕೈಗೆ ಕೈ ಸೇರುತ್ತಿತ್ತು. ಬೆರಳು ಹಿಡಿದರೆ ಒಂದು ರೇಟು, ಮಡಚಿದರೆ ಒಂದು. ಹೊರಗೆ ನಿಂತವರಿಗೆ ಕಾಣುವುದು ಬಟ್ಟೆಯ ಅಲುಗಾಟ ಮಾತ್ರ. ಮುತ್ಯಾ ಆ ಹೊತ್ತಿನಲ್ಲಿ ದಲಾಲಿಯ ಮುಖವನ್ನೂ ನೋಡುತ್ತಿರಲಿಲ್ಲ, ಎತ್ತಿನ ಮುಖವನ್ನೂ ನೋಡುತ್ತಿರಲಿಲ್ಲ. ಅಮರೇಶ್ವರನ ಗುಡಿಯ ಕಳಸ ನೋಡುತ್ತ ನಿಂತಿರುತ್ತಿದ್ದ. ಭಕ್ತಿ ಇರಬೇಕು ಎಂದು ನಾನು ತಿಳಿದಿದ್ದೆ.

ನಮ್ಮ ದನಗಳು ದೇವಣಿ ತಳಿಯವು. ಉಬ್ಬಿದ ಹಣೆ, ಜೋತುಬಿದ್ದ ಕಿವಿ. ಗಿರ್ ದನದ ನೆತ್ತರು ಇದರಲ್ಲಿ ಬೆರೆತಿರುವುದು ಹಣೆ ನೋಡಿದರೇ ತಿಳಿಯುತ್ತದೆ. ಗಳೆಗೂ ಆಗುತ್ತದೆ, ಹಾಲಿಗೂ ಆಗುತ್ತದೆ. ಇದರಲ್ಲಿಯೇ ಮೂರು ಬಗೆ. ಮೈಯೆಲ್ಲ ಬೆಳ್ಳಗಿದ್ದು ಮುಖ ಮಾತ್ರ ಮುಸ್ಯಾನಂತೆ ಕಪ್ಪಾಗಿದ್ದರೆ ವಾನ್ನೇರಾ, ಬಿಳಿ ಮೈಯ ಕೆಳಭಾಗದಲ್ಲಿ ಮಾತ್ರ ಕಪ್ಪು ಚುಕ್ಕೆಗಳಿದ್ದರೆ ಬಾಲಂಕ್ಯಾ, ಮೈತುಂಬ ಅಡ್ಡಾದಿಡ್ಡಿ ಕಪ್ಪು ಮಚ್ಚೆಗಳಿದ್ದರೆ ಶೇವರಾ. ಮುತ್ಯಾನ ಪ್ರೀತಿ ವಾನ್ನೇರಾ ಮೇಲೆ. ದೇವಣಿ ಎಂಬ ಊರು ಇರುವುದು ಗಡಿಯಾಚೆ, ಲಾತೂರು ಜಿಲ್ಲೆಯಲ್ಲಿ. 1956ರಲ್ಲಿ ಹೈದರಾಬಾದ್ ರಾಜ್ಯ ಒಡೆದು ಉದಗೀರ, ನಿಲಂಗಾ, ಅಹ್ಮದಪುರ ಆ ಕಡೆಗೆ, ಜಹೀರಾಬಾದ್, ನಾರಾಯಣಖೇಡ ಆಂಧ್ರದ ಕಡೆಗೆ, ಬೀದರ್, ಭಾಲ್ಕಿ, ಔರಾದ್, ಹುಮನಾಬಾದ್ ಈ ಕಡೆಗೆ ಹಂಚಿಹೋದವು. ಮನುಷ್ಯರ ಭಾಷೆ, ಶಾಲೆ, ಕಚೇರಿ ಎಲ್ಲ ಬೇರೆಯಾದವು. ದನ ಮಾತ್ರ ಎರಡೂ ಕಡೆ ಅದೇ ಹೆಸರಿನಲ್ಲಿ ಉಳಿದವು. ನಮ್ಮ ಎತ್ತುಗಳಿಗೆ ಕನ್ನಡದಲ್ಲಿ ಬೈದರೂ ತಿಳಿಯುತ್ತಿತ್ತು, ಮರಾಠಿಯಲ್ಲಿ ಬೈದರೂ ತಿಳಿಯುತ್ತಿತ್ತು.

ಬೀದರಿನಲ್ಲಿ ನಾನು ಈಗ ಇರುವ ಮನೆಯಿಂದ ನಂದಿನಗರದ ಪಶು ವಿಶ್ವವಿದ್ಯಾಲಯ ದೂರವಿಲ್ಲ. 2004ರ ಕಾಯ್ದೆಯಿಂದ ಹುಟ್ಟಿದ್ದು ಅದು, ಇಡೀ ರಾಜ್ಯದ ಪಶುವೈದ್ಯ ಕಾಲೇಜುಗಳಿಗೆ ತಾಯಿಮನೆ. ಮನುಷ್ಯರಿಗೆ ವಿಶ್ವವಿದ್ಯಾಲಯ ಬರುವುದಕ್ಕಿಂತ ಎಷ್ಟೋ ಮೊದಲು ದನಗಳಿಗೆ ಬಂದ ಊರು ನಮ್ಮದು. ಇದನ್ನು ಬೆಂಗಳೂರಿನ ಗೆಳೆಯರು ಚೇಷ್ಟೆಗೆ ಹೇಳಿದರೆ ನಾನು ಹೆಮ್ಮೆಯಿಂದಲೇ ತಲೆ ಆಡಿಸುತ್ತೇನೆ.

ಎತ್ತು ಮುತ್ಯಾನದಾದರೆ ಆಡು ನನ್ನದು. ಭಾಲ್ಕಿಯಲ್ಲಿ ಸೋದರಮಾವನ ಮನೆಯಲ್ಲಿದ್ದು ಶಾಲೆಗೆ ಹೋಗುತ್ತಿದ್ದ ವರ್ಷಗಳವು. ನಮ್ಮ ಕಡೆಯ ಆಡು ಉದ್ದ ಕಿವಿಯ ಕಪ್ಪು ಜಾತಿ. ನನ್ನ ಮರಿಯ ಹಣೆಯಲ್ಲಿ ಮಾತ್ರ ಎಳೆಯಷ್ಟು ಬಿಳುಪಿತ್ತು. ಕೋಟೆಯ ಮಣ್ಣು ಹಚ್ಚಿ ಕಪ್ಪೇರಿಸಿದ ಬಿದ್ರಿ ಹೂಜಿಯ ಮೇಲೆ ಬೆಳ್ಳಿತಂತಿ ಹೊಳೆಯುವುದಿಲ್ಲವೇ, ಹಾಗೆ. ಅದಕ್ಕೆ ‘ಬಿದ್ರಿ’ ಎಂದೇ ಹೆಸರಿಟ್ಟೆ. ನನ್ನ ಲೆಕ್ಕದ ನೋಟುಬುಕ್ಕಿನ ಅರ್ಧ ಅದರ ಹೊಟ್ಟೆಗೆ ಹೋಗಿದೆ, ಈ ಉಪಕಾರವನ್ನು ಮರೆಯಲಾರೆ. ಬಕ್ರೀದಿಗೆ ಒಂದು ತಿಂಗಳು ಮೊದಲೇ ಮಾವ ಅದನ್ನು ಹಿಂದಿನ ಓಣಿಯ ಮನೆಯವರಿಗೆ ಮಾರಿದ. ಆ ಮನೆಯ ಹುಡುಗ ನನ್ನದೇ ಕ್ಲಾಸು. ತಿಂಗಳಿಡೀ ಇಬ್ಬರೂ ಸೇರಿ ಅದಕ್ಕೆ ಜಾಲಿಕಾಯಿ ತಂದು ಹಾಕಿದೆವು. ಹಬ್ಬದ ಮರುದಿನ ಅವನು ಬಂದು ಪಕ್ಕದಲ್ಲಿ ಕುಳಿತ. ಅವನು ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ. ಮಾಸ್ತರರು ಇಬ್ಬರನ್ನೂ ಬೆಂಚಿನ ಮೇಲೆ ನಿಲ್ಲಿಸಿದರು. ಕಾರಣ ನೆನಪಿಲ್ಲ.

ಭಾಲ್ಕಿ ತಾಲ್ಲೂಕಿನ ಖಾನಾಪುರದಲ್ಲಿ ಮೈಲಾರ ಮಲ್ಲಣ್ಣ ಇದ್ದಾನೆ. ಕುದುರೆ ಅವನ ವಾಹನ, ನಾಯಿ ಅವನ ಸಂಗಾತಿ. ಭಾನುವಾರ ಅವನ ವಾರ. ಹಾಗಾಗಿ ಆರು ದಿನ ಕಲ್ಲು ತಿನ್ನುವ ನಾಯಿಗೆ ಏಳನೆಯ ದಿನ ಹಣೆಗೆ ಭಂಡಾರ, ಬಾಯಿಗೆ ರೊಟ್ಟಿ. ಇದನ್ನು ಕಪಟ ಎನ್ನುವವರಿದ್ದಾರೆ. ವಾರಕ್ಕೆ ಒಂದು ದಿನವಾದರೂ ಕೈ ತಡೆಯುವ ದೇವರು ಇದ್ದಾನಲ್ಲ ಎಂದು ನಾನು ಸಮಾಧಾನಪಡುವವನು.

ಕೃಷ್ಣಮೃಗಗಳ ವಿಷಯಕ್ಕೆ ಬಂದರೆ ನನ್ನ ಬಾಯಿ ಕಟ್ಟುತ್ತದೆ. ಬೀದರಿನ ಸುತ್ತಲ ಬಯಲಿನಲ್ಲಿ ಅವು ಜಿಗಿಯುವುದನ್ನು ನೋಡಲು ಬೆಳಗಾಗುವ ಮೊದಲೇ ಕ್ಯಾಮೆರಾ ಹಿಡಿದು ಹೋಗುತ್ತೇವೆ, ಆಹಾ ಎನ್ನುತ್ತೇವೆ. ಅದೇ ರಾತ್ರಿ ಅದೇ ಹೊಲದ ಯಜಮಾನ ಎಣ್ಣೆಡಬ್ಬಿ ಬಡಿಯುತ್ತ ಕಡಲೆ ಕಾದು ಎದ್ದಿರುತ್ತಾನೆ. ಒಂದು ಸಲ ಒಬ್ಬ ರೈತ ನನ್ನ ಫೋಟೊಗಳನ್ನೆಲ್ಲ ನೋಡಿ, “ಭಾಳ ಛಂದ ಬಂದಾವ್ರಿ. ಹಿಂದ ಕಾಣ್ಲತ್ತದಲ್ಲ, ಅದು ನಂದೇ ಹೊಲ,” ಎಂದ. ಆ ಬಯಲಿಗೆ ಆಮೇಲೆ ಹೋಗಿಲ್ಲ.

ಆದರೆ ಹಗ್ಗಗಳು ಏಳಕ್ಕೆ ಏರಿದ್ದು ಹೇಗೆ ಎಂದು ಹೇಳಬೇಕಲ್ಲ. ಜೋಳ ಹೋಯಿತು, ಸೋಯಾ ಬಂತು. ಇಷ್ಟೇ ಕಥೆ. ಜೋಳ ಬಿತ್ತಿದರೆ ಮನುಷ್ಯರಿಗೆ ರೊಟ್ಟಿ, ದನಕ್ಕೆ ವರ್ಷವಿಡೀ ಕಣಕಿ. ಸೋಯಾ ದುಡ್ಡು ಕೊಡುತ್ತದೆ, ಬಣವೆ ಕೊಡುವುದಿಲ್ಲ. ಬಣವೆ ಇಲ್ಲದ ಮನೆಯಲ್ಲಿ ಎತ್ತು ಬಿಟ್ಟಿ ಕೂತು ಉಣ್ಣುವ ನೆಂಟ. ಟ್ರ್ಯಾಕ್ಟರಿನವನು ಒಂದು ತಾಸಿನಲ್ಲಿ ಹೊಡೆದು ಹೋಗುವ ಹೊಲವನ್ನು ಮುತ್ಯಾ ದಿನವಿಡೀ ಹೊಡೆಯುತ್ತಿದ್ದ. “ಟ್ರ್ಯಾಕ್ಟರ್ ಛಲೋನೇ ಅದ. ಖರೇ, ಹೆಸರು ಹಿಡಿದು ಕರದ್ರ ತಿರುಗಿ ನೋಡಲ್ಲ,” ಎನ್ನುತ್ತಿದ್ದ. ಅವನ ಕೊನೆಯ ಕಾರಹುಣ್ಣಿಮೆಯಲ್ಲಿ ಕೊಂಬಿಗೆ ಬಣ್ಣ ಹಚ್ಚಲು ಮನೆಯಲ್ಲಿ ಒಂದೇ ಎತ್ತಿತ್ತು. ಉಳಿದ ಬಣ್ಣವನ್ನು ಬಾಗಿಲಿಗೆ ಬಳಿದ.

2022ರಲ್ಲಿ ಚರ್ಮಗಂಟು ರೋಗ ಬಂದಾಗ ಸರ್ಕಾರ ದನದ ಜಾತ್ರೆಗಳನ್ನೇ ನಿಲ್ಲಿಸಿತು. ಉಳಿದಿದ್ದ ಒಂದು ಆಕಳಿಗೆ ಡಾಕ್ಟರು ಆಡಿನ ಸಿಡುಬಿಗೆಂದು ಮಾಡಿದ ಲಸಿಕೆ ಚುಚ್ಚಿದರು. ಆ ರೋಗಕ್ಕೆ ಆಗ ಕೊಡುತ್ತಿದ್ದುದು ಅದೇ. ಅವ್ವನಿಗೆ ನಂಬಿಕೆ ಬರಲಿಲ್ಲ. “ಆಡಿಂದು ಸೂಜಿ ಆಕಳಿಗಿ ಹ್ಯಾಂಗ ನಡೀತದ?” ಎಂದು ಬೇವು ಅರಿಷಿಣ ಅರೆದು ಬೇರೆ ಹಚ್ಚಿದಳು. ಆಕಳು ಉಳಿಯಿತು. ಕರು ಉಳಿಯಲಿಲ್ಲ. ಬದುಕಿದ್ದು ಸೂಜಿಯಿಂದಲೋ ಬೇವಿನಿಂದಲೋ ಎಂಬ ವಾದ ಮನೆಯಲ್ಲಿ ಇನ್ನೂ ನಡೆದಿದೆ. ಸತ್ತದ್ದರ ಬಗ್ಗೆ ಯಾರೂ ವಾದ ಮಾಡುವುದಿಲ್ಲ.

ಮೊದಲೆಲ್ಲ ಹೋರಿಗರು ಹುಟ್ಟಿದರೆ ಮುತ್ಯಾ ಓಣಿಗೆಲ್ಲ ಬೆಲ್ಲ ಹಂಚುತ್ತಿದ್ದ. ಜೋಡಿ ಕೂಡಿಸಲು ಇನ್ನೊಂದು ಹೋರಿಯನ್ನು ಅಂದಿನಿಂದಲೇ ಹುಡುಕುತ್ತಿದ್ದ. ಈಗ ಹೋರಿಗೆ ಹೊಲದಲ್ಲಿ ಕೆಲಸವಿಲ್ಲ, ಸಂತೆಯಲ್ಲಿ ಗಿರಾಕಿಯಿಲ್ಲ. 2020ರ ಗೋಹತ್ಯೆ ನಿಷೇಧ ಕಾಯ್ದೆ ಅದನ್ನು ಕತ್ತಿಯಿಂದ ಕಾಯುತ್ತದೆ. ಕಣಕಿ ಹಾಕುವುದು ಮಾತ್ರ ಸಾಕಿದವನಿಗೇ ಬಿಟ್ಟದ್ದು.

ಮೊನ್ನೆ ಅವ್ವ ಫೋನು ಮಾಡಿದಳು. ಆಕಳು ಈದಿದೆ, ಶನಿವಾರದ ಬಸ್ಸಿಗೆ ಬಂದರೆ ಗಿಣ್ಣ ಸಿಗುತ್ತದೆ ಎಂದಳು. ಬಣ್ಣ ಯಾವುದು ಎಂದು ಕೇಳಿದೆ. “ಮಾರಿ ಪೂರಾ ಕರ್ರಗದ. ಮುತ್ಯಾ ಇದ್ದಿದ್ರ ಕುಣೀತಿದ್ದ,” ಎಂದಳು. ಹೆಣ್ಣೋ ಗಂಡೋ ಎಂದೆ. ಸ್ವಲ್ಪ ಹೊತ್ತು ಆ ಕಡೆಯಿಂದ ದನಿಯಿಲ್ಲ.

“ಹೋರಿ,” ಎಂದಳು.