ನೀರುಬಣ್ಣದಲ್ಲಿ ನಮ್ಮ ಓಣಿ

ಉಪ್ಪಿನಬೆಟಗೇರಿಯ ನಮ್ಮ ಓಣಿಯನ್ನು ನೀರುಬಣ್ಣದಲ್ಲಿ ಚಿತ್ರಿಸಬೇಕೆಂಬ ಹಂಬಲ ನನಗೆ ಬಹುಕಾಲದಿಂದ ಇದ್ದಿತು. 2019ರ ಆಗಸ್ಟ್ ತಿಂಗಳ ಮಳೆಗೆ ಧಾರವಾಡ ಜಿಲ್ಲೆಯಲ್ಲಿ ಅದೆಷ್ಟೋ ಮಣ್ಣಿನ ಮನೆಗಳು ನೆಲಕ್ಕೊರಗಿದವು. ನನ್ನ ಅಜ್ಜ ಕಟ್ಟಿಸಿದ ಮನೆಯೂ ಅವುಗಳಲ್ಲೊಂದು. ಅಂದಿನಿಂದ ಆ ಹಂಬಲವು ತೀರಿಸದ ಋಣದಂತೆ ಬಾಧಿಸತೊಡಗಿತು.

ಡಿ. ವಿ. ಹಾಲಭಾವಿಯವರು 1935ರಲ್ಲಿ ಧಾರವಾಡದಲ್ಲಿ ಆರಂಭಿಸಿದ ಚಿತ್ರಕಲಾ ಶಾಲೆಯಲ್ಲಿ ಕಲಿತು ಬಂದಿದ್ದವರು ನಮ್ಮ ಡ್ರಾಯಿಂಗ್ ಮಾಸ್ತರರು. “ಬಿಳಿ ಬಣ್ಣ ನಿನ್ನ ಕಡೆ ಇಲ್ಲಂತ ತಿಳಿ. ಬಿಳಿ ಅನ್ನೂದು ಕಾಗದದಾಗ ಐತಿ, ಮೊದಲ ಬಿಟ್ಟರ ಉಳೀತದ” ಎನ್ನುತ್ತಿದ್ದರು. ನೀರುಬಣ್ಣದ ಮರ್ಮವೆಲ್ಲ ಈ ಮಾತಿನಲ್ಲಿದೆ. ತಿಳಿಯಿಂದ ಕಡುವಿಗೆ ಸಾಗಬಹುದೇ ಹೊರತು ಕಡುವಿನಿಂದ ತಿಳಿಗೆ ಮರಳಲಾಗದು.

ರುಮಾಲೆ ಚನ್ನಬಸವಯ್ಯನವರು (1910–1988) ಬೆಂಗಳೂರಿನ ರಸ್ತೆಗಳನ್ನೂ ಹೂಮರಗಳನ್ನೂ ಎದುರಿಗೇ ಕುಳಿತು ಚಿತ್ರಿಸಿದರು. ನನ್ನೆದುರಿಗಾದರೋ ಬರಿಯ ಬಯಲು! ಎದುರುಮನೆಯ ಕಟ್ಟೆಯ ಮೇಲೆ ಕುಳಿತು, ನೆನಪಿನಿಂದಲೇ ಮನೆಯನ್ನು ಎಬ್ಬಿಸಬೇಕಾಯಿತು. ಮೇಲುಮುದ್ದೆಯ ಮಾಳಿಗೆ, ಗೋಡೆಯಿಂದ ಹೊರಚಾಚಿದ ಜಂತಿಯ ತುದಿಗಳು, ಅಜ್ಜ ಕೂಡುತ್ತಿದ್ದ ಕಲ್ಲಿನ ಕಟ್ಟೆ. ಓಕರಿಗೆ ತುಸು ಬರ್ನ್ಟ್ ಸಿಯೆನ್ನಾ ಬೆರೆಸಿದಾಗ ನಮ್ಮ ಗೋಡೆಯ ಮಣ್ಣೇ ಕಾಗದಕ್ಕೆ ಇಳಿದಂತಾಯಿತು. ಅದಕ್ಕೆ ಅಲ್ಟ್ರಾಮರೀನ್ ಸೇರಿಸಿ ಬೆಳಗಿನ ನೆರಳನ್ನು ಎಳೆದೆ. ತಲೆಬಾಗಿಲಲ್ಲಿ ಮಾತ್ರ ಕಾಗದದ ಬಿಳುಪನ್ನು ಬಿಟ್ಟೆ, ಹಿತ್ತಲಿನ ಬೆಳಕು ಕಾಣಲೆಂದು. ಚಿತ್ರ ಚೆನ್ನಾಗಿಯೇ ಬಂದಿತೆಂದು ಹಿಗ್ಗಿದೆನು.

ನಾನು ಏಳನೆಯ ಇಯತ್ತೆಯಲ್ಲಿದ್ದಾಗ ಮನೆ ಪಾಲಾಗಿ, ಕಾಕಾ ತನ್ನ ಪಾಲಿನ ಗೋಡೆ ಒಡೆದು ಓಣಿಗೆ ಇನ್ನೊಂದು ಬಾಗಿಲು ಇಡಿಸಿದ್ದರು. ಆಮೇಲೆ ಎರಡೂ ಕುಟುಂಬಗಳಲ್ಲಿ ಮಾತು ನಿಂತುಹೋಯಿತು. ಆ ಬಾಗಿಲನ್ನು ನಾನು ಬರೆಯಲಿಲ್ಲ. ಅಜ್ಜನ ಕಾಲದ ಮನೆಯನ್ನಲ್ಲವೇ ಬರೆಯುತ್ತಿರುವುದು ಎಂದು ಸಮಾಧಾನ ಹೇಳಿಕೊಂಡಿದ್ದೆ. ನಿಜ ಹೇಳಬೇಕೆಂದರೆ, ಅದು ಸಮಾಧಾನವಲ್ಲ, ಹಳೆಯ ಮುನಿಸು.

ಚಿಗವ್ವ ಈಗ ಅದೇ ಓಣಿಯ ತಗಡಿನ ಮನೆಯಲ್ಲಿ ಇರುತ್ತಾಳೆ. ಕುತೂಹಲದಿಂದ ಬಂದವಳು ಚಿತ್ರವನ್ನು ಬಹಳ ಹೊತ್ತು ನೋಡಿದಳು.

“ನನ್ನ ಬಾಗಿಲಾ ಎಲ್ಲೈತೋ, ತಮ್ಮಾ?”

ನಾನು ಮಾತಾಡಲಿಲ್ಲ.

“ಇಬ್ಬರು ಹೆಣ್ಣಮಕ್ಕಳು ಆ ಬಾಗಿಲಾ ದಾಟಿ ಗಂಡನ ಮನಿಗೆ ಹೋದ್ರು. ನಿಮ್ಮ ಕಾಕಾನ್ನೂ ಅದ ಬಾಗಿಲದಾಗಿಂದ ಹೊರಗ ತಂದ್ರು” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಅವಳು ಹೋದ ಮೇಲೆ ಒದ್ದೆ ಕುಂಚದಿಂದ ಗೋಡೆಯ ಬಣ್ಣವನ್ನು ತೆಗೆಯಲು ನೋಡಿದೆ. ಕಾಗದ ನವಿರೆದ್ದು ರಾಡಿಯ ಕಲೆಯೊಂದು ಉಳಿಯಿತು. ಬಿಳಿಯನ್ನು ಮೇಲೆ ಬಳಿಯಬಹುದಿತ್ತು, ಬಣ್ಣದ ಪೆಟ್ಟಿಗೆಯಲ್ಲಿ ಅದೂ ಇದೆ. ಆದರೆ ಬಳಿದ ಬಿಳಿ ಬೆಳಕಾಗುವುದಿಲ್ಲ.

ಮರುದಿನ ಹೊಸ ಕಾಗದ ಹಲಗೆಗೆ ಬಿಗಿದು ಚಿಗವ್ವನನ್ನು ಕರೆತಂದು ಕಟ್ಟೆಯ ಮೇಲೆ ಕೂಡಿಸಿದೆ. ಪೆನ್ಸಿಲಿನಿಂದ ಎರಡು ಬಾಗಿಲು ಗುರುತಿಸಿದೆ. ಅವಳು ಕಣ್ಣು ಕಿರಿದುಮಾಡಿ ನೋಡಿ, “ನಂದು ಅಷ್ಟ ಎತ್ತರ ಇರಲಿಲ್ಲ, ನಿಮ್ಮ ಕಾಕಾ ಬಗ್ಗೇ ಬರತಿದ್ದಾ” ಎಂದಳು. ಗೆರೆಯನ್ನು ಅಳಿಸಿ ಕೆಳಗೆ ಎಳೆದೆನು.