ಹೆಗಲ ಮೇಲಿನ ಬೂದಿ

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕನ್ನಡದ ಅತಿ ಚಿಕ್ಕ ಪತ್ತೇದಾರಿ ಕಥೆ ಇದೇ ಇರಬೇಕು. ಒಂದು ಗಾದೆಯೊಳಗೆ ಕಳವಿದೆ, ಮಾಲಿದೆ, ಸುಳಿವಿದೆ, ಬಾಯಿ ಬಿಡದೆಯೇ ಆಗಿಹೋದ ತಪ್ಪೊಪ್ಪಿಗೆಯಿದೆ, ಮೇಲೆ ನಗುವೂ ಇದೆ. ಬಲಿತ ಬೂದುಗುಂಬಳದ ಮೈಮೇಲೆ ಬಿಳಿ ಹುಡಿ ಕಟ್ಟಿರುತ್ತದೆ. ಅದನ್ನು ಹೆಗಲ ಮೇಲೆ ಹೊತ್ತು ಬೇಲಿ ದಾಟಿದವನ ಅಂಗಿಗೆ ಆ ಹುಡಿ ಹತ್ತದೆ ಇರುವುದಿಲ್ಲ. ಈ ಸಂಗತಿ ಚೆನ್ನಾಗಿ ಗೊತ್ತಿರುವುದು ಇಬ್ಬರಿಗೆ: ಬಳ್ಳಿ ಹಾಕಿ ಬೆಳೆದವನಿಗೆ, ಕದ್ದು ಹೊತ್ತವನಿಗೆ. ತನ್ನ ಹೆಗಲನ್ನು ತಾನೇ ತಪಾಸಣೆ ಮಾಡಿಕೊಳ್ಳುವ ಆ ಗಳಿಗೆಯಲ್ಲಿ ಅವನೇ ಕಳ್ಳ, ಅವನೇ ಪತ್ತೇದಾರ.

ಕಳ್ಳನೇ ಪತ್ತೇದಾರನಾಗುವ ನಗೆಯ ಕಾದಂಬರಿಗಳೆಂದರೆ ನನಗೆ ಜೀವ. ಈ ಬಗೆಯ ಬರವಣಿಗೆಯಲ್ಲಿ ಅಮೆರಿಕದ ಲಾರೆನ್ಸ್ ಬ್ಲಾಕ್ ದೊಡ್ಡ ಹೆಸರು. ಅವರ ಬರ್ನಿ ರೋಡನ್‌ಬಾರ್ 1977ರಲ್ಲಿ ಮೊದಲ ಸಲ ಓದುಗರೆದುರು ಬಂದ. ನ್ಯೂಯಾರ್ಕಿನವ, ಮೆಲುಮಾತಿನವ, ಹೊಡೆದಾಟವೆಂದರೆ ಆಗದವ. ಮೂರನೆಯ ಕಾದಂಬರಿಯ ಹೊತ್ತಿಗೆ ಗ್ರೀನಿಚ್ ವಿಲೇಜಿನಲ್ಲಿ ಹಳೆಯ ಪುಸ್ತಕದ ಅಂಗಡಿ ಇಟ್ಟುಕೊಂಡಿದ್ದಾನೆ. ಹಗಲಿಗೆ ಪುಸ್ತಕ ಮಾರುತ್ತಾನೆ, ರಾತ್ರಿ ಬೀಗ ತೆರೆಯುತ್ತಾನೆ. ಹತ್ತಿರದಲ್ಲೇ ನಾಯಿಗಳಿಗೆ ಸ್ನಾನ ಮಾಡಿಸುವ ಅಂಗಡಿಯ ಕ್ಯಾರೊಲಿನ್ ಅವನ ಗೆಳತಿ. ಮಧ್ಯಾಹ್ನ ಇಬ್ಬರೂ ಕೂತು ಊಟ ಮಾಡುತ್ತ ಕೊಲೆಯ ವಿಚಾರ ಮಾತಾಡುತ್ತಾರೆ. ರೇ ಕಿರ್ಷ್‌ಮನ್ ಎಂಬ ಕೈ ಚಾಚುವ ಪೊಲೀಸಿನವನೊಬ್ಬ ಆಗಾಗ ಅಂಗಡಿಗೆ ಬಂದು ಕಾಡುತ್ತಾನೆ. ಮುಂದೆ ಒಂದು ಬೆಕ್ಕೂ ಬರುತ್ತದೆ. ಅದರ ಹೆಸರು ರಾಫಲ್ಸ್. 1899ರಲ್ಲಿ ಇ. ಡಬ್ಲ್ಯೂ. ಹಾರ್ನಂಗ್ ಪುಸ್ತಕವಾಗಿ ತಂದ ಸಭ್ಯ ಕಳ್ಳನ ಹೆಸರು ಅದು. ಈ ಹಾರ್ನಂಗ್ ಬೇರೆ ಯಾರೂ ಅಲ್ಲ, ಷರ್ಲಾಕ್ ಹೋಮ್ಸನನ್ನು ಸೃಷ್ಟಿಸಿದ ಕಾನನ್ ಡಾಯ್ಲರ ತಂಗಿಯ ಗಂಡ. ಒಂದೇ ಮನೆತನದಲ್ಲಿ ಒಬ್ಬರು ಪತ್ತೇದಾರನನ್ನು ಬೆಳೆಸಿದರು, ಇನ್ನೊಬ್ಬರು ಕಳ್ಳನನ್ನು.

ಬರ್ನಿಯ ಕಥೆಗಳ ಕೀಲು ಬಹಳ ಸರಳ. ಯಾರದೋ ಮನೆಗೆ ನುಗ್ಗುತ್ತಾನೆ, ಅಲ್ಲಿ ಹೆಣ ಬಿದ್ದಿರುತ್ತದೆ. ಕೊಂದವನು ಬೇರೆ, ಸಿಕ್ಕಿಬೀಳುವವನು ಇವನು. ಆ ಹೊತ್ತಿಗೆ ಆ ಮನೆಯೊಳಗೆ ಇದ್ದೆ ಎಂದು ಹೇಳಿದರೆ ಕಳವು ಒಪ್ಪಿಕೊಂಡಂತೆ, ಹೇಳದಿದ್ದರೆ ಕೊಲೆ ಮೈಮೇಲೆ ಬಂದಂತೆ. ನಿಜವಾದ ಕೊಲೆಗಾರನನ್ನು ಹಿಡಿದುಕೊಡದೆ ಅವನಿಗೆ ಉಳಿಗಾಲವಿಲ್ಲ. ಬೇರೆ ಪತ್ತೇದಾರರಿಗೂ ಇವನಿಗೂ ಇರುವ ಅಂತರ ಇಲ್ಲಿದೆ. ಹೋಮ್ಸನಿಗೆ ಪ್ರಕರಣ ಬುದ್ಧಿಯ ಕಸರತ್ತು. ಪೊಲೀಸರಿಗೆ ಅದು ನೌಕರಿ. ಕಳ್ಳನಿಗೆ ಸತ್ಯ ಬೇಕಾಗಿರುವುದು ತನ್ನ ಕೊರಳು ಉಳಿಸಿಕೊಳ್ಳಲಿಕ್ಕೆ. ಸತ್ಯದ ಅಗತ್ಯ ಇಷ್ಟು ತುರ್ತಾಗಿರುವ ನಾಯಕ ಪತ್ತೇದಾರಿ ಸಾಹಿತ್ಯದಲ್ಲಿ ಮತ್ತೊಬ್ಬನಿಲ್ಲ ಎಂದು ನಾನು ನಂಬುತ್ತೇನೆ. ನಗುವೂ ಇಲ್ಲಿಂದಲೇ ಹುಟ್ಟುತ್ತದೆ. ಎಲ್ಲವನ್ನೂ ಕಣ್ಣಾರೆ ಕಂಡ ಒಬ್ಬನೇ ಸಾಕ್ಷಿ ಬಾಯಿ ಬಿಡುವ ಹಾಗಿಲ್ಲ. ಊರಿಗೆಲ್ಲ ಸುಳ್ಳು ಹೇಳುತ್ತ ಸತ್ಯ ಹುಡುಕಬೇಕು. ಇಂಥ ಕಥೆಗೆ ಹಾಸ್ಯದ ಚಟಾಕಿ ತಂದು ಅಂಟಿಸಬೇಕಾಗಿಲ್ಲ.

ಕಳ್ಳನ ಕಣ್ಣಿನ ಮಾತನ್ನೂ ಹೇಳಬೇಕು. ನಮ್ಮ ಧಾರವಾಡದ ಕೆಲಗೇರಿ ಕೆರೆಯ ದಂಡೆಗುಂಟ ಬೆಳಗಿನ ವಾಕಿಂಗಿಗೆ ಬರುವ ಹಿರಿಯರಲ್ಲಿ ಪೊಲೀಸ್ ಇಲಾಖೆಯಿಂದ ನಿವೃತ್ತರಾದ ಹವಾಲ್ದಾರರೊಬ್ಬರಿದ್ದಾರೆ. ಕೆರೆಯ ಸುತ್ತಮುತ್ತ ಹೊಸ ಬಡಾವಣೆಗಳು ಎದ್ದಿವೆ. ಬಹಳಷ್ಟು ಮನೆಗಳಲ್ಲಿ ಗಂಡ-ಹೆಂಡತಿ ಇಬ್ಬರೇ. ಮಕ್ಕಳು ಬೆಂಗಳೂರು, ಪುಣೆ ಸೇರಿದ್ದಾರೆ. ಮೊಮ್ಮಗುವಿನ ಹೆಸರಿಡುವ ಕಾರ್ಯಕ್ಕೆಂದು ಹೋದರೆ ಮನೆಗೆ ತಿಂಗಳುಗಟ್ಟಲೆ ಬೀಗ. ಇದರ ಮಾತು ಬಂದಾಗ ಹವಾಲ್ದಾರರು, "ಕಳ್ಳ ಮನಿ ನೋಡಂಗಿಲ್ರಿ ಸರ, ಮನ್ಯಾನ ಮಂದಿ ರೂಢಿ ನೋಡ್ತಾನ" ಎಂದರು. ಬಾಗಿಲ ಮುಂದೆ ರಂಗೋಲಿ ಬಿದ್ದಿಲ್ಲ ಎಂದರೆ ಮನೆಯಾಕೆ ಊರಲ್ಲಿಲ್ಲ. ಗೇಟಿನ ಸಂದಿಯಲ್ಲಿ ಪೇಪರು ಸಿಕ್ಕಿಕೊಂಡೇ ಇದ್ದರೆ, ತುಳಸಿಕಟ್ಟೆಯ ಮಣ್ಣು ಒಣಗಿ ಬಿರಿದಿದ್ದರೆ ಒಳಗೆ ಯಾರೂ ಇಲ್ಲ. ಅಂಗಳದ ಲೈಟು ಹಗಲೂ ಉರಿಯುತ್ತಿದ್ದರಂತೂ ಮುಗಿದೇಹೋಯಿತು: ಮಂದಿ ಇದ್ದಾರೆಂದು ತೋರಿಸಲು ಹಚ್ಚಿಟ್ಟು ಹೋದ ದೀಪವೇ ಯಾರೂ ಇಲ್ಲವೆಂದು ಸಾರುತ್ತದೆ. ಅವರು ಹೇಳುತ್ತ ಹೋದಂತೆ ದಿನಾ ನೋಡುವ ನಮ್ಮ ಓಣಿಯೇ ನನಗೆ ಬೇರೆಯಾಗಿ ಕಂಡಿತು. ಹೋಮ್ಸ್ ಸಿಗಾರಿನ ಬೂದಿಯಲ್ಲಿ ಓದುವುದನ್ನು ನಮ್ಮ ಕಡೆಯ ಕಳ್ಳ ರಂಗೋಲಿಯಲ್ಲಿ ಓದುತ್ತಾನೆ. ಒಂದು ಮನೆಯನ್ನು ಅದರ ಯಜಮಾನನೂ ನೋಡದಷ್ಟು ಗಮನವಿಟ್ಟು ನೋಡುವವನು ಪತ್ತೇದಾರನಾದರೆ, ಅವನು ಕಾಣುವ ಸುಳಿವುಗಳಲ್ಲಿ ಜನರ ಬದುಕಿನ ವಾಸನೆ ಇರುತ್ತದೆ.

ಕಳ್ಳ ಪತ್ತೇದಾರನಾಗುವುದು ಬರೀ ಕಲ್ಪನೆಯಲ್ಲ. ಫ್ರಾನ್ಸಿನ ವಿಡಾಕ್ ಹಲವು ಸಲ ಜೈಲು ಕಂಡವನು, ತಪ್ಪಿಸಿಕೊಂಡು ಓಡಿದವನು. ಕೊನೆಗೆ ಪೊಲೀಸರ ಪರವಾಗಿ ನಿಂತು 1811ರ ಸುಮಾರಿಗೆ ಪ್ಯಾರಿಸ್ಸಿನಲ್ಲಿ ಪತ್ತೇದಾರಿ ದಳ ಕಟ್ಟಿದ, ಅದಕ್ಕೆ ತನ್ನಂಥ ಮಾಜಿ ಕೈದಿಗಳನ್ನೇ ಸೇರಿಸಿಕೊಂಡ, 1833ರಲ್ಲಿ ಖಾಸಗಿ ಪತ್ತೇದಾರಿ ಕಚೇರಿಯನ್ನೂ ತೆರೆದ. ಅದೇ ನಾಡಿನ ಮೋರಿಸ್ ಲೆಬ್ಲಾಂಕ್ ತಮ್ಮ ಕಳ್ಳ ಆರ್ಸೆನ್ ಲೂಪಾನನಿಗೆ 1928ರ ಪುಸ್ತಕವೊಂದರಲ್ಲಿ ಬಾರ್ನೆಟ್ ಎಂಬ ಹೆಸರಿಟ್ಟು ಪತ್ತೇದಾರಿ ಏಜೆನ್ಸಿ ಹಾಕಿಸಿದ್ದಾರೆ. ಅಲ್ಲಿ ತನಿಖೆಗೆ ಫೀಸಿಲ್ಲ. ಪ್ರಕರಣ ಬಗೆಹರಿಯುವಾಗ ತನ್ನ ಪಾಲನ್ನು ತಾನೇ ಎತ್ತಿಕೊಂಡಿರುತ್ತಾನೆ. ಚೆಸ್ಟರ್ಟನ್ನರ ಕಥೆಗಳಲ್ಲಿ ಫ್ಲಾಂಬೋ ಎಂಬ ಮಹಾಕಳ್ಳ ಫಾದರ್ ಬ್ರೌನ್‌ರ ಸಹವಾಸದಿಂದ ಪತ್ತೇದಾರನಾಗುತ್ತಾನೆ.

ಆದರೆ ಇವರೆಲ್ಲರಿಗಿಂತ ನೂರಾರು ವರ್ಷ ಮೊದಲೇ ಇಂಥವನೊಬ್ಬ ನಮ್ಮಲ್ಲಿದ್ದಾನೆ. ಕ್ರಿ.ಶ. 920ರ ಸುಮಾರಿನದೆಂದು ಹೇಳುವ 'ವಡ್ಡಾರಾಧನೆ'ಯ 19 ಕಥೆಗಳಲ್ಲಿ ವಿದ್ಯುಚ್ಚೋರ ರಿಸಿಯ ಕಥೆಯೂ ಒಂದು. ಮಿಥಿಲೆಯ ರಾಜ ವಾಮರಥ, ಅವನ ತಳಾರ ಯಮದಂಡ. ತಳಾರನೆಂದರೆ ಊರ ಕಾವಲಿನ ಅಧಿಕಾರಿ. ವಿದ್ಯುಚ್ಚೋರ ಹಗಲೆಲ್ಲ ಕುಷ್ಠರೋಗಿಯ ವೇಷದಲ್ಲಿ ಹಾಳು ದೇಗುಲದಲ್ಲಿ ಬಿದ್ದಿರುತ್ತಾನೆ, ರಾತ್ರಿ ಚೆಲುವನಾಗಿ ಕಳವು ಮಾಡುತ್ತಾನೆ. ಅರಮನೆಯ ಹಾರವೇ ಕಳವಾದಾಗ ತಳಾರನಿಗೆ ಏಳು ದಿನದ ಗಡುವು ಬೀಳುತ್ತದೆ. ಏಳನೆಯ ದಿನ ಯಮದಂಡ ಈ ರೋಗಿಯನ್ನು ಎಳೆದು ತರುತ್ತಾನೆ. ಎಷ್ಟು ಬಗೆಯಲ್ಲಿ ಹಿಂಸಿಸಿದರೂ ಅವನು ಕಳ್ಳ ನಾನಲ್ಲವೆಂದೇ ಸಾಧಿಸುತ್ತಾನೆ. ಕೊನೆಗೆ ರಾಜ ಅಭಯ ಕೊಟ್ಟ ಮೇಲೆ ನಿಜ ಹೊರಬರುತ್ತದೆ. ಇವನು ರಾಜಕುಮಾರ, ತಳಾರ ಇವನ ಬಾಲ್ಯದ ಗೆಳೆಯ. ಇಬ್ಬರೂ ಒಬ್ಬನೇ ಗುರುವಿನ ಹತ್ತಿರ ಓದಿದವರು. ಒಬ್ಬ ಕದಿಯುವ ಶಾಸ್ತ್ರ ಕಲಿತ, ಇನ್ನೊಬ್ಬ ಹಿಡಿಯುವ ಶಾಸ್ತ್ರ ಕಲಿತ. ನೀನು ತಳಾರನಾದ ಊರಲ್ಲೇ ಕದ್ದು ನಿನ್ನನ್ನು ಪೇಚಿಗೆ ಸಿಕ್ಕಿಸುತ್ತೇನೆ ಎಂದು ಹುಡುಗುತನದಲ್ಲಿ ಆಡಿದ್ದ ಮಾತಿಗೆ ಹೆದರಿ ಯಮದಂಡ ಊರು ಬಿಟ್ಟು ಬಂದಿದ್ದಾನೆ. ಗೆಳೆಯನನ್ನು ತಿರುಗಿ ಕರೆದೊಯ್ಯಲು ವಿದ್ಯುಚ್ಚೋರ ಹುಡುಕಿಕೊಂಡು ಬಂದಿದ್ದಾನೆ.

ಈ ತಿರುವನ್ನು ಮೊದಲ ಸಲ ಓದಿದಾಗ ಆದ ಸಂತೋಷ ನನಗೆ ಇವತ್ತಿಗೂ ಕಡಿಮೆಯಾಗಿಲ್ಲ. ಊರೆಲ್ಲ ಕಳ್ಳನನ್ನು ಹುಡುಕುತ್ತಿದೆ. ಕಳ್ಳ ಮಾತ್ರ ಪೊಲೀಸನನ್ನು ಹುಡುಕುತ್ತಿದ್ದಾನೆ! ಕದಿಯುವ ವಿದ್ಯೆಯೂ ಪತ್ತೆಯ ವಿದ್ಯೆಯೂ ಒಂದೇ ಮಠದಲ್ಲಿ ಕಲಿತ ಅಕ್ಕಪಕ್ಕದ ಪಾಠಗಳು ಎಂಬುದನ್ನು ಹತ್ತನೆಯ ಶತಮಾನದ ಕನ್ನಡ ಗದ್ಯ ಹೇಳಿ ಮುಗಿಸಿದೆ.

ಹನ್ನೆರಡನೆಯ ಶತಮಾನಕ್ಕೆ ಬಂದರೆ ಶರಣರ ನಡುವೆ ಕನ್ನದ ಮಾರಿತಂದೆ ಇದ್ದಾನೆ. ಮೊದಲು ಕನ್ನ ಕೊರೆಯುತ್ತಿದ್ದವನು. ಸಿಕ್ಕಿರುವ ವಚನ ನಾಲ್ಕೇ, ಆದರೆ ಅಲ್ಲಿಯೂ ಅವನು ಕಳ್ಳನ ಮಾತನ್ನು ಬಿಟ್ಟಿಲ್ಲ. ಕತ್ತಲಲ್ಲಿ ಕನ್ನ ಹಾಕಿದರೆ, ಮೈಮರೆತವರ ಮನೆ ಹೊಕ್ಕರೆ ತನ್ನ ವಿದ್ಯೆಗೇ ಅವಮಾನ ಎನ್ನುವ ಧಾಟಿ ಅವನದು. ಕಸುಬಿನ ಮೇಲಿನ ಈ ಅಭಿಮಾನವೇ ಸಂಸ್ಕೃತದ 'ಮೃಚ್ಛಕಟಿಕ'ದ ಶರ್ವಿಲಕನಲ್ಲೂ ಇದೆ. ಗೋಡೆಗೆ ಯಾವ ಆಕಾರದ ಕನ್ನ ಚೆಂದ ಎಂದು ಅವನು ನಿಂತು ವಿಚಾರ ಮಾಡುತ್ತಾನೆ, ಅಳತೆಯ ದಾರ ಮರೆತು ಬಂದದ್ದಕ್ಕೆ ಜನಿವಾರದಲ್ಲಿ ಅಳೆಯುತ್ತಾನೆ. ಬನ್ನಂಜೆ ಗೋವಿಂದಾಚಾರ್ಯರು ಈ ನಾಟಕವನ್ನು 'ಆವೆಯ ಮಣ್ಣಿನ ಆಟದ ಬಂಡಿ'ಯಾಗಿ ಕನ್ನಡಕ್ಕೆ ತಂದರು. ನಮ್ಮ ಧಾರವಾಡದ ಗಿರೀಶ ಕಾರ್ನಾಡರು 1984ರಲ್ಲಿ ಅದರ ಕಥೆಯನ್ನು 'ಉತ್ಸವ್' ಎಂಬ ಹಿಂದಿ ಸಿನಿಮಾ ಮಾಡಿದಾಗ ಕಳ್ಳನ ಪಾತ್ರ ಮಾಡಿದ್ದು ಶಂಕರ್‌ನಾಗ್. ಅದೇ ಶಂಕರ್‌ನಾಗ್ 1988ರಲ್ಲಿ 'ಸಾಂಗ್ಲಿಯಾನ'ದ ಪೊಲೀಸ್ ಅಧಿಕಾರಿ. ಅವರ ಕಣ್ಣಿನ ಚುರುಕು ಎರಡೂ ಕಡೆ ಒಂದೇ.

ಇಷ್ಟು ಆಸ್ತಿ ಇಟ್ಟುಕೊಂಡ ನಾವು ಪತ್ತೇದಾರಿ ಕಾದಂಬರಿ ಬರೆಯಲು ಕೂತಾಗ ಕಳ್ಳನನ್ನು ಹೊರಗೆ ನಿಲ್ಲಿಸಿಬಿಟ್ಟೆವು. ಎನ್. ನರಸಿಂಹಯ್ಯನವರ ಬಗ್ಗೆ ನನಗೆ ಅಪಾರ ಗೌರವ. ಶಾಲೆಯಲ್ಲಿ ಕಲಿತದ್ದು ನಾಲ್ಕನೇ ಇಯತ್ತೆ, ಬರೆದದ್ದು 500ಕ್ಕೂ ಹೆಚ್ಚು ಕಾದಂಬರಿ. ಪತ್ತೇದಾರ ಪುರುಷೋತ್ತಮನೂ ಅರಿಂಜಯನೂ ಸಾವಿರಾರು ಜನರಿಗೆ ಕನ್ನಡ ಓದುವ ಚಟ ಹಿಡಿಸಿದರು. ಕನ್ನಡ ಬಾವುಟ ರೂಪಿಸಿದ ಮ. ರಾಮಮೂರ್ತಿಯವರೂ ಪತ್ತೇದಾರಿ ಬರೆದವರೇ. ಆದರೆ ಆ ಕಾಲದ ಪತ್ತೇದಾರ ಶಿಸ್ತಿನ ಮನುಷ್ಯ, ಧೈರ್ಯವಂತ, ಕಳಂಕವಿಲ್ಲದವ; ನಗು ಅವನ ಸ್ವಭಾವವಾಗಿರಲಿಲ್ಲ. ರಹಸ್ಯವನ್ನೂ ನಗೆಯನ್ನೂ ಒಟ್ಟಿಗೆ ನಡೆಸಬಹುದೆಂದು ತೋರಿಸಿಕೊಟ್ಟವರು ತೇಜಸ್ವಿ. 'ಚಿದಂಬರ ರಹಸ್ಯ'ದ ಕೆಸರೂರಿನಲ್ಲಿ ತನಿಖೆಗೆ ಬಂದ ಅಂಗಡಿ ಎಂಬ ಅಧಿಕಾರಿಗೆ ಸಿಗುವ ಪ್ರತಿ ಸುಳಿವಿನ ಹಿಂದೆಯೂ ಒಂದು ನಗುವಿದೆ, ಆ ನಗುವಿನ ಹಿಂದೆ ದಿಗಿಲೂ ಇದೆ. 2019ರ 'ಬೆಲ್‌ಬಾಟಂ' ಸಿನಿಮಾದ ಡಿಟೆಕ್ಟಿವ್ ದಿವಾಕರ ಜನರಿಗೆ ಹಿಡಿಸಿದ್ದೂ ಹಳೆಯ ಪತ್ತೇದಾರಿ ಪುಸ್ತಕಗಳ ಮೇಲಿನ ಪ್ರೀತಿ ಮತ್ತು ನಗೆ ಎರಡೂ ಕೂಡಿದ್ದರಿಂದ. ಅಲ್ಲಿ ಕಳವಾಗುವುದು ಪೊಲೀಸ್ ಠಾಣೆಯಲ್ಲೇ. ಇಷ್ಟು ಹತ್ತಿರ ಬಂದಿದ್ದೇವೆ, ಕಳ್ಳನ ಕೈಗೆ ತನಿಖೆ ಕೊಡುವ ಒಂದು ಹೆಜ್ಜೆ ಮಾತ್ರ ಬಾಕಿ.

ಕಳ್ಳನನ್ನು ಹೀರೋ ಮಾಡುವುದು ಸರಿಯೇ ಎಂದು ಕೇಳುವವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ನಮ್ಮ ಓಣಿಯ ಅಜ್ಜಿಯೊಬ್ಬರ ಬೋರಮಾಳ ಕಳವಾದಾಗ ಅವರು ತೂಕ, ರೇಟು ಯಾವುದನ್ನೂ ಆಡಲಿಲ್ಲ. "ನಮ್ಮವ್ವ ಕೊಳ್ಳಾಗ ಹಾಕಿದ್ದದು" ಎಂದು ಅದೊಂದನ್ನೇ ಹೇಳುತ್ತ ಕೂತಿದ್ದರು. ಆ ಮುಖ ನೋಡಿದ ಮೇಲೆ, ಬರ್ನಿ ಶ್ರೀಮಂತರ ಮನೆಯನ್ನಷ್ಟೇ ನೋಡಿಕೊಂಡು ಕದಿಯುತ್ತಾನೆ ಎಂಬ ಸಮಾಧಾನ ನನಗೆ ಸಾಲದು. ಈ ಕಾದಂಬರಿಗಳ ದುರ್ಬಲ ಜಾಗ ಅದೇ. ವಡ್ಡಾರಾಧನೆಯ ಕಥೆ ಇದಕ್ಕಿಂತ ಗಟ್ಟಿ. ಅಲ್ಲಿ ಕಳ್ಳನಿಗೆ ತನ್ನ ಕೃತ್ಯದ ಲೆಕ್ಕ ಕೊಡಬೇಕಾಗುತ್ತದೆ, ಕಥೆ ಅವನ ವೈರಾಗ್ಯದವರೆಗೂ ಹೋಗುತ್ತದೆ.

ಇನ್ನೊಂದು ಎಚ್ಚರ ಹುಬ್ಬಳ್ಳಿ-ಧಾರವಾಡದ ಈ ಅವಳಿನಗರದಲ್ಲಿ ಬರೆಯುವವರಿಗೆ ಇರಲೇಬೇಕು. ಕಳ್ಳತನವನ್ನು ಯಾರದೇ ಹುಟ್ಟಿಗೆ ಕಟ್ಟಬಾರದು. ಬ್ರಿಟಿಷರು 1871ರ ಕಾನೂನಿನಿಂದ ಸಮುದಾಯಕ್ಕೆ ಸಮುದಾಯವನ್ನೇ ಅಪರಾಧಿಗಳೆಂದು ಪಟ್ಟಿ ಮಾಡಿದರು. ಹುಬ್ಬಳ್ಳಿಯ ಸೆಟ್ಲ್‌ಮೆಂಟ್ ಪ್ರದೇಶದ ಹೆಸರು ಬಂದದ್ದು ಅಂಥ ಜನರನ್ನು ಒಂದೆಡೆ ಕೂಡಿಹಾಕಿ ಹಾಜರಿ ಕೂಗುತ್ತಿದ್ದ ಕಾಲದಿಂದ. ದೇಶ ಆ ಕಳಂಕ ಪಟ್ಟಿಯನ್ನು ರದ್ದು ಮಾಡಿದ್ದು 1952ರಲ್ಲಿ. ಏನೂ ಕದಿಯದ ಕೂಸೂ ಅಲ್ಲಿ ಹುಟ್ಟಿದ್ದಕ್ಕೇ ಕಳ್ಳನೆನಿಸಿಕೊಂಡಿತು. ಕಳ್ಳನನ್ನು ಪತ್ತೇದಾರನಾಗಿಸುವ ಕಥೆಯ ಬೆಲೆ ಇಂಥ ಊರಲ್ಲಿ ಹೆಚ್ಚು. ಪೊಲೀಸರು ಮೊದಲು ಯಾರ ಬಾಗಿಲು ಬಡಿಯುತ್ತಾರೋ ಅವನೇ ಇಲ್ಲಿ ನಿಜ ಹುಡುಕಿ ತರುತ್ತಾನೆ. ಸಂಶಯಕ್ಕೆ ಸಿಕ್ಕವನ ಕಡೆಯಿಂದ ಊರನ್ನು ನೋಡುವ ಅವಕಾಶವನ್ನು, ನಗಿಸುತ್ತಲೇ, ಓದುಗನಿಗೆ ಕೊಡುವ ಬೇರೆ ಪ್ರಕಾರ ನನಗೆ ಗೊತ್ತಿಲ್ಲ.

ಧಾರವಾಡದಲ್ಲಿ ಬರೆಯುವ ತರುಣ ತರುಣಿಯರಿಗೆ ನನ್ನದೊಂದು ವಿನಂತಿ. ಅಂಥದೊಂದು ಕಾದಂಬರಿ ಬರೆಯಿರಿ. ನಿಮ್ಮ ನಾಯಕನಿಗೆ ಸುಭಾಸ ರಸ್ತೆಯ ಆಚೆಈಚೆ ಎಲ್ಲಾದರೂ ಒಂದು ಹಳೇ ಪುಸ್ತಕದ ಅಂಗಡಿ ಹಾಕಿಕೊಡಿ, ಬೀಗ ರಿಪೇರಿಯ ಪೆಟ್ಟಿಗೆ ಅಂಗಡಿಯಾದರೂ ನಡೆದೀತು. ಅವನ ಬಾಯಲ್ಲಿ ನಮ್ಮ ಮಾತಿರಲಿ, ಕಣ್ಣಿಗೆ ರಂಗೋಲಿ ಬೀಳಲಿ, ಬೋರಮಾಳ ಕಳಕೊಂಡ ಅಜ್ಜಿಯ ಮುಂದೆ ಅವನು ಒಮ್ಮೆಯಾದರೂ ತಲೆ ತಗ್ಗಿಸಿ ನಿಲ್ಲಲಿ. ಬರೆದಾದ ಮೇಲೆ ಹಸ್ತಪ್ರತಿ ಹಿಡಿದು ಕೆಲಗೇರಿಗೆ ಬನ್ನಿ. ಮೊದಲ ಓದುಗನಾಗಲು ನಾನಿದ್ದೇನೆ.