ಕರಿಕೋಟಿನ ವಿದ್ಯಾರ್ಥಿನಿ

ನಮ್ಮ ಮನೆಯಲ್ಲಿ ಈಗ ಮೂವರು ವಿದ್ಯಾರ್ಥಿಗಳಿದ್ದಾರೆ. ಮೊಮ್ಮಗ ಏಳನೇ ತರಗತಿ, ಮೊಮ್ಮಗಳು ಮೊದಲ ಪಿಯುಸಿ. ಮೂರನೆಯವಳು ಅವರಿಬ್ಬರ ತಾಯಿ, ನನ್ನ ಸೊಸೆ. ವಯಸ್ಸು 43, ವೃತ್ತಿಯಲ್ಲಿ ವಕೀಲೆ. 19 ವರ್ಷ ಕರಿಕೋಟು ತೊಟ್ಟು ಕೋರ್ಟಿಗೆ ಹೋದವಳು ಈಗ ವಾರದ ಕೊನೆಯಲ್ಲಿ ಬೆನ್ನಿಗೆ ಚೀಲ ಏರಿಸಿಕೊಂಡು ಬನ್ನೇರುಘಟ್ಟ ರಸ್ತೆಯ ಐಐಎಂಗೆ ಪಾಠ ಕೇಳಲು ಹೋಗುತ್ತಾಳೆ. ಕೆಲಸದಲ್ಲಿರುವವರಿಗೆಂದೇ ನಡೆಸುವ ಎರಡು ವರ್ಷದ ಓದು ಅದು.

"ಅಮ್ಮ ಲಾಯರ್ ಆಗಿ ಆಯ್ತಲ್ಲ ತಾತ, ಇನ್ನೇನಾಗ್ಬೇಕು?" ಎಂದು ಮೊಮ್ಮಗ ಕೇಳಿದ. ನನ್ನ ಹೆಂಡತಿಯದೂ ಅದೇ ಪ್ರಶ್ನೆ, ರಾಗ ಮಾತ್ರ ಬೇರೆ. "ಮಕ್ಕಳು ಓದೋ ಕಾಲದಲ್ಲಿ ಇವಳೇ ಪುಸ್ತಕ ಹಿಡಿದು ಕೂತ್ರೆ ಅವರನ್ನ ನೋಡೋರು ಯಾರು?"

ಸೊಸೆಗೆ ಬೇರೆ ದಾರಿ ಇರಲಿಲ್ಲ. ಅವಳು ಕೆಲಸ ಕಲಿತ ಕಚೇರಿಯ ಹಿರಿಯ ವಕೀಲರು ವಯಸ್ಸಾಯಿತೆಂದು ಹಿಂದೆ ಸರಿದರು. 11 ಜನರ ಕಚೇರಿ ಇವಳ ಹೆಗಲಿಗೆ ಬಿತ್ತು. ಕೇಸುಗಳಿಗೆ ಕೊರತೆಯಿರಲಿಲ್ಲ. ಆದರೂ ತಿಂಗಳ ಕೊನೆ ಬಂತೆಂದರೆ ಸಂಬಳಕ್ಕೆ ಪರದಾಟ. ಒಂದೇ ವರ್ಷದಲ್ಲಿ ಇಬ್ಬರು ಒಳ್ಳೆಯ ಜೂನಿಯರ್‌ಗಳು ಬಿಟ್ಟುಹೋದರು. ಉಳಿದವರು ಬರೆದ ಅರ್ಜಿಗಳನ್ನೆಲ್ಲ ಇವಳು ನಡುರಾತ್ರಿಯವರೆಗೆ ಕೂತು ತಾನೇ ಹೊಸದಾಗಿ ಬರೆಯುತ್ತಿದ್ದಳು.

"ಮಾವ, ನನಗೆ ವಾದ ಮಾಡೋದು ಗೊತ್ತು. ಹನ್ನೊಂದು ಜನರ ಸಂಸಾರ ನಡೆಸೋದನ್ನ ಯಾವ ಲಾ ಕಾಲೇಜಿನಲ್ಲೂ ಹೇಳಿಕೊಡಲಿಲ್ಲ" ಎಂದು ಒಂದು ರಾತ್ರಿ ಹೇಳಿದಳು. ಸಾಲಕ್ಕೆ ಅರ್ಜಿ ಹಾಕಿದ್ದು, ಪ್ರವೇಶ ಪರೀಕ್ಷೆಗೆ ಕೂತದ್ದು ಎಲ್ಲ ಆಮೇಲೆ. ಕಂತಿನ ಲೆಕ್ಕ ಹಾಕಿಕೊಟ್ಟವನು ನಾನೇ.

ದೊಡ್ಡವರಾದ ಮೇಲೆ ಶಾಲೆಗೆ ಹೋಗುವುದು ಇಂದಿನ ಹೊಸ ಗೀಳೇನಲ್ಲ. ಅಮೆರಿಕದ ಷಿಕಾಗೋ ವಿಶ್ವವಿದ್ಯಾಲಯ 1943ರಲ್ಲಿ, ಮಹಾಯುದ್ಧದ ನಡುವೆಯೇ, ಕೆಲಸದಲ್ಲಿದ್ದ ಅಧಿಕಾರಿಗಳಿಗಾಗಿ ಇಂಥ ಎಂಬಿಎ ಆರಂಭಿಸಿತು. ನಮ್ಮ ಬೆಂಗಳೂರಿನ ಐಐಎಂ ಹುಟ್ಟಿದ್ದು 1973ರಲ್ಲಿ. ಕಲ್ಲಿನ ಗೋಡೆ, ಉದ್ದುದ್ದ ಪಡಸಾಲೆ, ಎಲ್ಲೆಲ್ಲೂ ಹಸಿರು. ಕಟ್ಟಡದ ವಿನ್ಯಾಸ ಬಿ.ವಿ. ದೋಶಿಯವರದು. ಮಕ್ಕಳೇ, 'ತ್ರೀ ಈಡಿಯಟ್ಸ್' ಸಿನಿಮಾದಲ್ಲಿ ನೀವು ನೋಡಿದ ಕಾಲೇಜು ಇದೇ.

ಮೊದಲ ತಿಂಗಳಲ್ಲೇ ಸೊಸೆ ಕಂಗಾಲಾದದ್ದು ಅಢಾವೆ ಪತ್ರಿಕೆಯ ಮುಂದೆ. ಇಂಗ್ಲಿಷಿನಲ್ಲಿ ಬ್ಯಾಲೆನ್ಸ್ ಶೀಟ್ ಎನ್ನುತ್ತೇವಲ್ಲ, ಅದೇ. ನಾನು ಹಳೆಯ ಕಾಲದ ಬಿಕಾಂ. ಡೆಬಿಟ್, ಕ್ರೆಡಿಟ್ ನನ್ನ ಅನ್ನದ ಭಾಷೆ. ಊಟದ ಮೇಜಿನ ಮೇಲೆ ಪಾಠ ಶುರುವಾಯಿತು. ಮೊಮ್ಮಗನೂ ಬಂದು ಕೂತ. ಅವನಿಗೂ ತಿಳಿಯಲೆಂದು ಒಂದು ಚುರುಮುರಿ ಅಂಗಡಿ ತೆರೆದೆ.

"ಶಾಲೆಯ ಮೇಳದಲ್ಲಿ ನೀನು ಚುರುಮುರಿ ಮಾರಿದೆ ಅಂತಿಟ್ಕೋ. ಕಡಲೆಪುರಿ, ಈರುಳ್ಳಿ, ಕಡಲೆಬೀಜ ಎಲ್ಲಕ್ಕೂ 500 ರೂಪಾಯಿ ಹಾಕಿದೆ. ಸಂಜೆಗೆ 800 ರೂಪಾಯಿಯಷ್ಟು ವ್ಯಾಪಾರ ಆಯ್ತು. ಲಾಭ ಎಷ್ಟು?"

"300!"

"ಆದರೆ ನಿನ್ನ ಗೆಳೆಯರು 'ನಾಳೆ ಕೊಡ್ತೀವಿ ಕಣೋ' ಅಂತ 400 ರೂಪಾಯಿ ಬಾಕಿ ಇಟ್ಟರು. ನಾಳೆ ಸಾಮಾನು ತರೋಕೆ 500 ಬೇಕು. ಕೈಯಲ್ಲಿ ಎಷ್ಟಿದೆ?"

ಹುಡುಗ ಬೆರಳು ಮಡಚಿದ. "400. ಅಂದ್ರೆ ಲಾಭ ಬಂದರೂ ಅಂಗಡಿ ಮುಚ್ಚಬೇಕಾ?"

ಸೊಸೆ ಪೆನ್ನು ಕೆಳಗಿಟ್ಟಳು. ಅವಳ ಕಚೇರಿಯ ಕಾಯಿಲೆ ಅದೇ. ಕಕ್ಷಿದಾರರಿಗೆ ಬಿಲ್ಲು ಕಳಿಸುವುದೇ ಮೂರು ತಿಂಗಳು ತಡ, ಅವರು ಹಣ ಕೊಡುವುದು ಇನ್ನೂ ತಡ. ಮರುವಾರದಿಂದಲೇ ಕೆಲಸ ಮುಗಿದ ವಾರದಲ್ಲೇ ಬಿಲ್ಲು ಹೋಗಬೇಕೆಂದು ಕಚೇರಿಯಲ್ಲಿ ನಿಯಮವಾಯಿತು.

ಪಾಠದ ಕ್ರಮದಲ್ಲೂ ಒಂದು ಸ್ವಾರಸ್ಯವಿದೆ. ಅಲ್ಲಿ ಯಾವುದೋ ಕಂಪನಿಗೆ ಎದುರಾದ ಕಷ್ಟದ ಕತೆಯನ್ನು ಕೊಟ್ಟು, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೇಳುತ್ತಾರೆ. ಅದಕ್ಕೆ 'ಕೇಸ್' ಎಂದೇ ಹೆಸರು. ಈ ಕ್ರಮ ವಕೀಲರ ಮನೆಯಿಂದಲೇ ಬಂದದ್ದು. 1870ರ ದಶಕದಲ್ಲಿ ಹಾರ್ವರ್ಡ್ ಕಾನೂನು ಶಾಲೆಯ ಮುಖ್ಯಸ್ಥ ಲ್ಯಾಂಗ್‌ಡೆಲ್, ನಿಯಮಗಳ ಬಾಯಿಪಾಠ ಬಿಟ್ಟು ಹಳೆಯ ತೀರ್ಪುಗಳನ್ನು ಮುಂದಿಟ್ಟು ಪ್ರಶ್ನೆ ಕೇಳುತ್ತ ಪಾಠ ಮಾಡಿದರು. 1908ರಲ್ಲಿ ಆರಂಭವಾದ ಹಾರ್ವರ್ಡ್ ವ್ಯವಹಾರ ಶಾಲೆ ಮುಂದೆ ಅದನ್ನೇ ತನ್ನದಾಗಿಸಿಕೊಂಡಿತು.

"ಆದರೆ ಒಂದು ವ್ಯತ್ಯಾಸ ಇದೆ ಮಾವ. ನಮ್ಮ ಕೇಸಿನಲ್ಲಿ ಕೊನೆಗೆ ತೀರ್ಪು ಇರುತ್ತೆ. ಇಲ್ಲಿ ಕತೆ ಅರ್ಧಕ್ಕೇ ನಿಂತುಬಿಡುತ್ತೆ. ಸಾಕ್ಷಿ ಎಲ್ಲ ಸಿಗೋವರೆಗೆ ಕಾಯೋ ಹಾಗಿಲ್ಲ, ಇದ್ದಷ್ಟರಲ್ಲೇ ತೀರ್ಮಾನ ಮಾಡಬೇಕು" ಎಂದಳು.

ವಕೀಲರು ಲೆಕ್ಕ ಕಲಿತ ಕತೆ ಇನ್ನೂ ಇವೆ. 1893ರಲ್ಲಿ ಗಾಂಧೀಜಿ ದಾದಾ ಅಬ್ದುಲ್ಲಾ ಅವರ ಮೊಕದ್ದಮೆಗಾಗಿ ದಕ್ಷಿಣ ಆಫ್ರಿಕಕ್ಕೆ ಹೋದಾಗ ಆ ವ್ಯಾಜ್ಯವೆಲ್ಲ ಲೆಕ್ಕಪತ್ರದ್ದೇ ಆಗಿತ್ತು. ಬ್ಯಾರಿಸ್ಟರ್ ಆದರೂ ಲೆಕ್ಕ ಬಾರದು. ಪುಸ್ತಕ ಕೊಂಡು ಜಮಾಖರ್ಚು ಕಲಿತರು. ಆಮೇಲೆ ಎರಡೂ ಕಡೆಯವರನ್ನು ಒಪ್ಪಿಸಿ ಪಂಚಾಯ್ತಿಗೆ ಕೂರಿಸಿದರು. ತಮ್ಮ ಕಡೆಯೇ ಗೆದ್ದಾಗ, ಸೋತವರು ದಿವಾಳಿಯಾಗದಂತೆ ಕಂತಿನಲ್ಲಿ ಹಣ ಕಟ್ಟಲು ಅವಕಾಶ ಕೊಡಿಸಿದರು. ಮಂಗಳೂರಿನ ವಕೀಲ ಅಮ್ಮೆಂಬಳ ಸುಬ್ಬರಾವ್ ಪೈ 1891ರಲ್ಲಿ ಶಾಲೆ ತೆರೆದರು, 1906ರಲ್ಲಿ ಒಂದು ನಿಧಿ ಕಟ್ಟಿದರು. ಆ ನಿಧಿಯೇ ಇಂದಿನ ಕೆನರಾ ಬ್ಯಾಂಕ್. ಇವರಿಬ್ಬರ ಹತ್ತಿರವೂ ಎಂಬಿಎ ಇರಲಿಲ್ಲ, ನಿಜ. ಬೇಕಾದ ವಿದ್ಯೆ ತನ್ನಲ್ಲಿಲ್ಲವೆಂದರೆ ಕಲಿಯಲು ನಾಚಬಾರದು ಎಂಬುದಕ್ಕೆ ಗಾಂಧೀಜಿ ಸಾಕ್ಷಿ. ಜನರನ್ನು ಸೇರಿಸಿ ಕಟ್ಟಿದ್ದು ತನ್ನ ನಂತರವೂ ಉಳಿಯುತ್ತದೆ ಎಂಬುದಕ್ಕೆ ಸುಬ್ಬರಾಯರು.

ನಾಯಕತ್ವದ ಬಗ್ಗೆ ಗುಮಾಸ್ತನಾದ ನನಗೂ ಸ್ವಲ್ಪ ಗೊತ್ತು. ಕೌಂಟರಿನ ಹಿಂದೆ ಕೂತು ಎಷ್ಟೋ ಮ್ಯಾನೇಜರುಗಳನ್ನು ಕಂಡಿದ್ದೇನೆ. ಒಬ್ಬರು ಪ್ರತಿ ವೋಚರನ್ನೂ ತಾವೇ ನೋಡುತ್ತಿದ್ದರು. ರಾತ್ರಿ ಎಂಟಾದರೂ ಶಾಖೆಯ ಬಾಗಿಲು ಹಾಕುತ್ತಿರಲಿಲ್ಲ, ನಾವೂ ಏನೂ ಕಲಿಯಲಿಲ್ಲ. ಇನ್ನೊಬ್ಬರು ಲೆಕ್ಕ ತಾಳೆಯಾಗದಿದ್ದರೆ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು, ಆದರೆ ನಮ್ಮ ಕೈಯ ಪೆನ್ನು ಕಿತ್ತುಕೊಳ್ಳುತ್ತಿರಲಿಲ್ಲ. ಅವರ ಕೈಕೆಳಗೆ ಕಲಿತವರು ಮುಂದೆ ಮ್ಯಾನೇಜರುಗಳಾದರು. ಸೊಸೆಗೆ ಇದನ್ನು ಹೇಳಿದಾಗ ಅವಳು ಮಾತಾಡದೆ ಕೇಳಿಸಿಕೊಂಡಳು.

ಕಳೆದ ತಿಂಗಳು ಒಬ್ಬ ಜೂನಿಯರ್ ಬರೆದ ಅರ್ಜಿಯನ್ನು ಅವಳು ತಿದ್ದಿ ಬರೆಯಲಿಲ್ಲ. ಪೆನ್ಸಿಲಿನಲ್ಲಿ ಗುರುತು ಹಾಕಿ ಅವನಿಗೇ ಹಿಂದಿರುಗಿಸಿದಳು. ಒಂದು ರಾತ್ರಿಯ ಕೆಲಸ ಮೂರು ದಿನ ಹಿಡಿಯಿತು. ಕೋರ್ಟಿನಲ್ಲೂ ಅವನೇ ನಿಂತ, ಇವಳು ಹಿಂದಿನ ಸಾಲಿನಲ್ಲಿ ಕೂತಳು. ಎದ್ದು ಮಾತಾಡದಿರುವುದೇ ಆ ದಿನದ ಕಷ್ಟದ ಕೆಲಸವಾಗಿತ್ತಂತೆ. ಸಿಕ್ಕಿದ್ದು ಬರೀ ಮುಂದಿನ ವಾಯಿದೆ. ಆದರೂ ಆ ಹುಡುಗ ಕಚೇರಿಗೆಲ್ಲ ಮೈಸೂರುಪಾಕು ಹಂಚಿದ.

ಮನೆಯಲ್ಲಿ ಎಲ್ಲವೂ ಸುಖವೆಂದು ಹೇಳಲಾರೆ. ಮೊಮ್ಮಗಳ ಕಾಲೇಜಿನ ವಾರ್ಷಿಕೋತ್ಸವದ ದಿನವೇ ತಾಯಿಗೆ ಪರೀಕ್ಷೆ ಬಂತು. ಅವಳ ನೃತ್ಯ ನೋಡಲು ನಾವಿಬ್ಬರು ಮುದುಕರೇ ಹೋದೆವು. ಹುಡುಗಿ ಎರಡು ದಿನ ತಾಯಿಯೊಡನೆ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ದಿನ ಸೊಸೆ ಮಗಳ ಪಕ್ಕ ಕೂತು ತನ್ನ ಅಂಕಪಟ್ಟಿ ತೋರಿಸಿದಳು. ಒಂದು ವಿಷಯದಲ್ಲಿ ಅಂಕ ತೀರಾ ಕಡಿಮೆ. "ಇಷ್ಟೇನಾ ಅಮ್ಮ?" ಎಂದು ಹುಡುಗಿ ನಕ್ಕಳು. ಅಂದಿನಿಂದ ಗಣಿತದಲ್ಲಿ ತನಗೆ ಕಡಿಮೆ ಬಂದದ್ದನ್ನು ಅವಳೂ ಮುಚ್ಚಿಡುವುದಿಲ್ಲ.

ಈಗ ಸಂಜೆ ಏಳರಿಂದ ಒಂಬತ್ತು ನಮ್ಮ ಊಟದ ಮೇಜೇ ಶಾಲೆ. ಟಿವಿ ಬಂದ್. ಧಾರಾವಾಹಿ ತಪ್ಪಿಹೋಯಿತೆಂದು ಗೊಣಗುತ್ತಲೇ ನನ್ನ ಹೆಂಡತಿ ಮೂವರಿಗೂ ಹಾಲು, ಕಾಫಿ ತಂದಿಡುತ್ತಾಳೆ.

ನನ್ನ ವಯಸ್ಸಿನವರಿಗೆ ಒಂದು ಮಾತು. ಮಗಳೋ ಸೊಸೆಯೋ ನಡುವಯಸ್ಸಿನಲ್ಲಿ ಓದುತ್ತೇನೆಂದರೆ, ಈ ವಯಸ್ಸಿನಲ್ಲಿ ಯಾಕಮ್ಮ ಎನ್ನಬೇಡಿ. ಮಕ್ಕಳನ್ನು ಸಂಗೀತದ ಪಾಠದಿಂದ ಕರೆತರುವ ಕೆಲಸ ನಾವು ಮಾಡಬಹುದು. ಸಾಲದ ಕಂತಿನ ಲೆಕ್ಕವನ್ನೂ ನೋಡಿಕೊಡಬಹುದು. ನಾನು ಮಾಡುತ್ತಿರುವುದು ಅಷ್ಟೇ. ಸೊಸೆಗೆ ಇನ್ನೂ ಒಂದು ವರ್ಷದ ಓದು ಬಾಕಿಯಿದೆ.